ಏಳು, ಕೊಡ, ನಗದು: ಕನ್ನಡದ ಮಾತಿನಾಟ



ಇವತ್ತಿನ ವಿಷಯ ಶ್ಲೇಷೆ, ಹನಿಗವನ ಮತ್ತು ಕಡಲಾಚೆಯಿಂದ ಬಂದ ಲಿಮರಿಕ್ಕು. ಉಪನ್ಯಾಸ ಮಾಲೆಗೆ ಇದು ತಕ್ಕ ವಿಷಯವೇ ಎಂಬ ಅನುಮಾನ ಕೆಲವರಿಗೆ ಇರಬಹುದು. ತಕ್ಕದ್ದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಭಾಷೆ ತನ್ನವರ ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಓಡಾಡುತ್ತಿದೆ ಎಂದು ತಿಳಿಯಲು ಅವರು ಅದರಲ್ಲಿ ಆಟ ಆಡುತ್ತಾರೆಯೇ ಎಂದು ನೋಡಬೇಕು. ಈ ಆಟಕ್ಕೆ ಎದುರಿಗೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಕೂತು ಅಳಬಹುದು, ಪ್ರಾರ್ಥನೆ ಮಾಡಬಹುದು. ಶ್ಲೇಷೆಯನ್ನು ಮಾತ್ರ ಯಾರಿಗಾದರೂ ಹೇಳಲೇಬೇಕು.

ಈ ಸಭೆಗೆಂದೇ ಕಟ್ಟಿದ ಪುಟ್ಟದೊಂದನ್ನು ಕೇಳಿ:

"ಏಳು" ಎಂದಳು ಅಮ್ಮ.
"ಗೊತ್ತು, ಈಗಷ್ಟೇ ಹೊಡೆಯಿತು ಗಡಿಯಾರ"
ಎಂದು ಮಗ್ಗುಲು ಬದಲಿಸಿದ ತಮ್ಮ.

ನೀವು ನಕ್ಕಿದ್ದು ಪದ್ಯದ ದೊಡ್ಡತನಕ್ಕಲ್ಲ, ಕನ್ನಡದ ಒಂದು ಗುಣಕ್ಕೆ. ನಮ್ಮಲ್ಲಿ ಧಾತು ಹೇಗಿದೆಯೋ ಹಾಗೆಯೇ ಏಕವಚನದ ಆಜ್ಞೆಯಾಗುತ್ತದೆ: ಓದು, ಬರೆ, ನಡೆ. ನಮ್ಮ ನಾಮಪದಗಳೂ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಹಾಗಾಗಿ ಎರಡೂ ಒಂದೇ ವೇಷ ತೊಟ್ಟು ಎದುರಾಗುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಏಳು ಸಂಖ್ಯೆಯೂ ಹೌದು, ಎಬ್ಬಿಸುವ ಮಾತೂ ಹೌದು. ಆರು ಎಂದರೆ ದೀಪವೂ ಆರೀತು, ಕಾಫಿಯೂ ಆರೀತು. ಹತ್ತು ಎಂದರೆ ಎಣಿಸಲೂಬಹುದು, ಬಸ್ಸನ್ನೂ ಹತ್ತಬಹುದು. 'ಕಳೆ'ಯನ್ನೇ ನೋಡಿ. ಹೊಲದಲ್ಲಿದ್ದರೆ ಕಿತ್ತುಹಾಕುತ್ತೇವೆ, ಮುಖದಲ್ಲಿದ್ದರೆ ಮೆಚ್ಚುತ್ತೇವೆ, ಲೆಕ್ಕದಲ್ಲಿ ಬಂದರೆ ಮೇಲಿನದರಿಂದ ಕೆಳಗಿನದನ್ನು ತೆಗೆಯುತ್ತೇವೆ, ರಜೆಯಲ್ಲಿ ಕಾಲವನ್ನು ಕಳೆಯುತ್ತೇವೆ.

ಇದಕ್ಕಿಂತ ಸೊಗಸಾದದ್ದು ನಮ್ಮ ಹಳೆಯ ನಿಷೇಧ ರೂಪ. 'ಇಲ್ಲ', 'ಅಲ್ಲ' ಎಂಬ ಪದದ ಹಂಗಿಲ್ಲದೆ ಕ್ರಿಯಾಪದವೇ ಇಲ್ಲವೆನ್ನುತ್ತದೆ: ಅವನು ಬಾರ, ಅವನು ಕೊಡ. ನೀರು ತುಂಬುವ ಕೊಡವೂ ಕೊಡಲೊಪ್ಪದ ಜಿಪುಣನೂ ಅಲ್ಲಿ ಒಂದಾಗಿಬಿಡುತ್ತಾರೆ. ಬೇಡ ಎಂದರೆ ಕಾಡಿನ ಬೇಟೆಗಾರ, ಬೇಡ ಎಂದರೆ ಊಟದೆಲೆಯ ಮೇಲೆ ಅಡ್ಡ ಹಿಡಿದ ಕೈ. 'ನಗದು' ಎಂಬುದಂತೂ ಪರ್ಶಿಯನ್ ದಾರಿಯಿಂದ ಬಂದ ಪದ. ಬಂದು ಇಳಿದದ್ದು ಮಾತ್ರ ಸರಿಯಾಗಿ ಈ ನಿಷೇಧ ರೂಪದ ಮಡಿಲಿಗೆ:

ಸಂಬಳದ ದಿನ ಮನೆತುಂಬ ನಗು;
ಇಪ್ಪತ್ತು ದಾಟಿದ ಮೇಲೆ
ಒಂದು ಮುಖವೂ ನಗದು,
ಇಲ್ಲವಲ್ಲ ನಗದು!

ನಮ್ಮ ಲಾಕ್ಷಣಿಕರು ಶ್ಲೇಷೆಯನ್ನು ಅಭಂಗ, ಸಭಂಗ ಎಂದು ಎರಡು ಬಗೆ ಮಾಡಿದ್ದಾರೆ. ಮೇಲಿನದು ಅಭಂಗ, ಪದ ಒಡೆಯುವುದಿಲ್ಲ. "ಕೈಗೆ ಬಂದದ್ದು ಸಾಲದು" ಎಂದಾಗ "ಹೌದು, ಸಾಲ ಅದು" ಎಂದು ಯಾರಾದರೂ ಒಡೆದು ಹೇಳಿದರೆ ಅದು ಸಭಂಗ. ಅಲಂಕಾರಗಳ ಈ ವಿಚಾರ ಕನ್ನಡದಲ್ಲಿ ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ದಷ್ಟು ಹಳೆಯದು. ಸಂಸ್ಕೃತದಲ್ಲಿ ಜೈನ ಕವಿ ಧನಂಜಯ ಶ್ಲೇಷೆಯನ್ನು ತುದಿಗೇ ಒಯ್ದ. ಅವನ 'ದ್ವಿಸಂಧಾನ' ಕಾವ್ಯವನ್ನು ಒಂದು ಅರ್ಥದಲ್ಲಿ ಓದಿದರೆ ರಾಮಾಯಣ, ಇನ್ನೊಂದು ಅರ್ಥದಲ್ಲಿ ಓದಿದರೆ ಮಹಾಭಾರತ. ಅಸಾಧ್ಯ ಪಾಂಡಿತ್ಯ ಅದು. ಆದರೆ ವ್ಯಾಖ್ಯಾನ ಪಕ್ಕದಲ್ಲಿಟ್ಟುಕೊಂಡು ಓದುವಾಗ ನಗು ಬರುವುದಿಲ್ಲ, ಬೆರಗು ಬರುತ್ತದೆ. ನನ್ನ ಪ್ರೀತಿ ಇರುವುದು ವ್ಯಾಖ್ಯಾನ ಬೇಡದ, ಕಾಫಿ ಲೋಟ ಕೈಯಲ್ಲಿರುವಾಗಲೇ ಸಿಡಿಯುವ ಶ್ಲೇಷೆಯ ಮೇಲೆ.

ಆ ಬಗೆಗೆ ಹೊಸಗನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ ಇಂಗ್ಲಿಷನ್ನೂ ಬೆಂಗಳೂರಿನ ಮನೆಮಾತನ್ನೂ ಒಂದೇ ಬಾಣಲೆಗೆ ಹಾಕಿದರು. ಅವರ ಚಟಾಕಿಗಳು ಪುಸ್ತಕಕ್ಕಿಂತ ಹೆಚ್ಚಾಗಿ ಗೆಳೆಯರ ಬಾಯಲ್ಲೇ ಉಳಿದು ನಮ್ಮವರೆಗೆ ಬಂದವು. 1942ರಲ್ಲಿ ಡಾ. ಎಂ. ಶಿವರಾಂ, ನಮ್ಮ 'ರಾಶಿ', 'ಕೊರವಂಜಿ' ಪತ್ರಿಕೆ ಶುರುಮಾಡಿದರು. ಆ ಬಳಗದ ನಾ. ಕಸ್ತೂರಿಯವರು ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ ನಿಘಂಟನ್ನೇ ಬರೆದು 'ಅನರ್ಥಕೋಶ' ಎಂದು ಕರೆದರು. ಪತ್ರಿಕೋದ್ಯಮದಲ್ಲಿ ವೈಎನ್ಕೆ ಶ್ಲೇಷೆಯನ್ನು ದಿನಚರಿಯಾಗಿಸಿಕೊಂಡರು. 'ವಂಡರ್ ಕಣ್ಣು' ಎಂಬ ಹೆಸರೊಂದೇ ಸಾಕು ಅವರ ಕೈಚಳಕ ತೋರಿಸಲು. ಬ್ಯಾಂಕಿನ ಕೆಲಸದ ನಡುವೆಯೇ ಎಚ್. ಡುಂಡಿರಾಜ್ ಹನಿಗವನವನ್ನು ಮನೆಮನೆಗೆ ಮುಟ್ಟಿಸಿದರು.

ಇವರೆಲ್ಲರ ನಡುವೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ದಿನಕರ ದೇಸಾಯಿಯವರ ಮುಂದೆ. ಉತ್ತರ ಕನ್ನಡದ ರೈತರ ಪರ ಹೋರಾಡಿ ಗಡಿಪಾರಾದವರು, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದವರು, 1967ರಲ್ಲಿ ಲೋಕಸಭೆಗೆ ಹೋದವರು. ಇಷ್ಟು ಭಾರದ ಬದುಕಿನ ಮನುಷ್ಯ ನಾಲ್ಕೇ ಸಾಲಿನ ಚೌಪದಿಯನ್ನು ತನ್ನ ಮಾಧ್ಯಮ ಮಾಡಿಕೊಂಡರು. ದೊಡ್ಡ ಕೆಲಸ ಮಾಡುವವರಿಗೆ ಚುಟುಕ ಕಾಲಹರಣ ಎನ್ನುವವರು ಅವರ ಬದುಕನ್ನೊಮ್ಮೆ ನೋಡಬೇಕು.

ಇನ್ನು ಲಿಮರಿಕ್ಕು. ಎಡ್ವರ್ಡ್ ಲಿಯರ್ ಎಂಬ ಇಂಗ್ಲಿಷ್ ಚಿತ್ರಕಾರ ಗಿಳಿಗಳ ಚಿತ್ರ ಬರೆದು ಹೆಸರಾದವನು. ಡರ್ಬಿಯ ಅರ್ಲ್ ಸಾಕಿದ್ದ ಪ್ರಾಣಿಪಕ್ಷಿಗಳನ್ನು ಚಿತ್ರಿಸಲು ಹೋದಾಗ ಆ ಮನೆಯ ಮಕ್ಕಳನ್ನು ನಗಿಸಲು ತಲೆಬುಡವಿಲ್ಲದ ಪದ್ಯಗಳನ್ನು ಕಟ್ಟುತ್ತಿದ್ದ. 1846ರಲ್ಲಿ ಅವು ಪುಸ್ತಕವಾದವು. ಈ ರೂಪ ಅವನಿಗಿಂತ ಹಳೆಯದು. ಐರ್ಲೆಂಡಿನ ಊರೊಂದರ ಹೆಸರು ಅದಕ್ಕೆ ಅಂಟಿಕೊಂಡದ್ದು ಆ ಶತಮಾನದ ಕೊನೆಯ ಹೊತ್ತಿಗೆ. ಇದೇ ಲಿಯರ್ ವೈಸರಾಯ್ ನಾರ್ತ್‌ಬ್ರೂಕ್ ಕರೆಯ ಮೇರೆಗೆ 1873ರಲ್ಲಿ ಭಾರತಕ್ಕೆ ಬಂದ. ಮರುವರ್ಷ ಬೊಂಬಾಯಿಯ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಅವನದೊಂದು ಪದ್ಯ ಬಂತು. ಅದರಲ್ಲಿ ಧೋಬಿಯ ಮೇಲೆ ಒಬ್ಬ ಹೆಂಗಸು ಕೂರುತ್ತಾಳೆ, ಕೊನೆಗೆ ಕಮರ್‌ಬಂದ್ ಎಂಬ ಭಯಂಕರ ಪ್ರಾಣಿ ಅವಳನ್ನು ನುಂಗುತ್ತದೆ. ಸೊಂಟದ ಪಟ್ಟಿ ರಾಕ್ಷಸನಾಗಿದ್ದು ಬರೀ ಸದ್ದಿನ ಬಲದಿಂದ. ನಮ್ಮ ಪದಗಳು ಹೊಸ ಕಿವಿಗೆ ಬಿದ್ದಾಗ ಎಷ್ಟು ಕುಣಿಯಬಲ್ಲವು ಎಂದು ಆ ಪದ್ಯ ತೋರಿಸುತ್ತದೆ.

ಲಿಮರಿಕ್ಕಿಗೆ ಐದು ಸಾಲು. ಒಂದು, ಎರಡು, ಐದಕ್ಕೆ ಒಂದು ಪ್ರಾಸ. ಮೂರು, ನಾಲ್ಕು ಗಿಡ್ಡ, ಅವಕ್ಕೆ ಬೇರೆ ಪ್ರಾಸ. ಇಂಗ್ಲಿಷಿನಲ್ಲಿ ಒತ್ತು ಕುಣಿಸುವ ಲಯವನ್ನು ಕನ್ನಡದಲ್ಲಿ ಮಾತ್ರೆಯಿಂದ ತರಬೇಕು. ಉದ್ದದ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಗಿಡ್ಡಕ್ಕೆ ಎರಡು ಗಣ ಇಟ್ಟರೆ ಚೆನ್ನಾಗಿ ಕೂರುತ್ತದೆ:

ಊರಿನ ಹೆಸರೇ ನೋಡಿರಿ ಸಾಗರ,
ಬೇಸಿಗೆ ಬಂದರೆ ನೀರಿಗೆ ಜಾಗರ;
ನಲ್ಲಿಯ ತೆರೆದರೆ
ಗಾಳಿಯ ಬರಿ ತೆರೆ,
ಕೊಡಗಳ ಸಾಲೋ ಮಲಗಿದ ನಾಗರ!

ಸಾಗರದವರು ಬೇಸರಿಸಬಾರದು. ಜೋಗದ ನೆರೆಯ ಊರು ಅದು, ಮಳೆಗೆ ಬಡತನವಿಲ್ಲ; ಹೆಸರಿನ ಆಸೆಗೆ ಊರನ್ನು ಎಳೆದು ತಂದೆ, ಲಿಮರಿಕ್ಕಿನ ಪದ್ಧತಿಯೇ ಅದು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ತೀರ ಸುಲಭ. ಬಂದನು, ಕೂತನು, ಎದ್ದನು ಎಂದು ಇಡೀ ದಿನ ಹೊಂದಿಸಬಹುದು. ಅದು ಪ್ರಾಸವಲ್ಲ, ಪ್ರತ್ಯಯ. ಪದದ ಒಡಲೇ ಪ್ರಾಸವಾಗಬೇಕು, ಆಗ ಮಾತ್ರ ಐದನೇ ಸಾಲಿಗಾಗಿ ಕಿವಿ ಕಾಯುತ್ತದೆ. ಶತಮಾನಗಳ ಕಾಲ ಎರಡನೇ ಅಕ್ಷರದ ಪ್ರಾಸ ಪಾಲಿಸಿದ ಭಾಷೆಗೆ ಈ ಶಿಸ್ತು ಹೊಸದೇನಲ್ಲ.

ಮೊದಲ ಸಾಲಿಗೂ ಕೊನೆಯ ಸಾಲಿಗೂ ಸಂಬಂಧವಿಲ್ಲದೆ ಪ್ರಾಸದ ಬಲದಲ್ಲೇ ನಡೆಯುವ ಪದ್ಯ ನಮ್ಮಲ್ಲಿ ಮೊದಲಿನಿಂದ ಇದೆ. ಉತ್ತರ ಕರ್ನಾಟಕದ ಮದುವೆ ಮನೆಗೆ ಹೋಗಿ ನೋಡಿ. ಹೊಸ್ತಿಲ ಬಳಿ ನಾದಿನಿಯರು ಅಡ್ಡ ನಿಂತು "ಹೆಸರ ಹೇಳು" ಎನ್ನುತ್ತಾರೆ. ಮದುಮಗಳು ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ, ಒಡಪು ಹಾಕಿ ಹೇಳಬೇಕು. ಮಾದರಿಗೆ ಒಂದು ಕಟ್ಟಿದ್ದೇನೆ:

ಸಂತ್ಯಾಗ ತಂದೇನಿ ಅರಳಿ, ತುಂಬೇನಿ ಹೊಸಾ ಗಾದಿ,
ಬಸವರಾಜರ ಹೆಸರ ಹೇಳೇನಿ, ಬಿಡ್ರಿ ನಮ್ಮ ಹಾದಿ!

ಅರಳಿಗೂ ಬಸವರಾಜರಿಗೂ ಏನು ನಂಟು? ಗಾದಿಗೂ ಹಾದಿಗೂ ಇರುವಷ್ಟೇ. ನಾಚಿಕೊಂಡ ಹುಡುಗಿ, ಕಿವಿಗೊಟ್ಟು ನಿಂತ ಹತ್ತು ಜನ, ಒಡಪು ಮುಗಿದ ಕೂಡಲೇ ಏಳುವ ಗದ್ದಲ, ಇಷ್ಟೂ ಸೇರಿ ಆ ಎರಡು ಸಾಲು ಪೂರ್ತಿಯಾಗುತ್ತದೆ. ಹಿರಿಯ ಹೆಂಗಸರ ಬಾಯಲ್ಲಿ ಇಂಥವು ರಾಶಿ ರಾಶಿ ಇವೆ, ಬರೆದಿಟ್ಟುಕೊಂಡವರು ಕಡಿಮೆ. ಈ ಮಾತು ಹೇಳುವಾಗ ನನಗೆ ನಿಜವಾಗಿ ಆತಂಕವಾಗುತ್ತದೆ.

ಇನ್ನೊಂದು ಆತಂಕ ಫೋನಿನದು. ಹನಿಗವನಗಳು ಈಗ ಬೆಳಗಾಗುವುದರೊಳಗೆ ನೂರು ಗುಂಪು ದಾಟುತ್ತವೆ, ಸಂತೋಷ. ದಾಟುವ ದಾರಿಯಲ್ಲಿ ಕವಿಯ ಹೆಸರು ಮಾತ್ರ ಉದುರಿಹೋಗುತ್ತದೆ. ಒಂದು ಶ್ಲೇಷೆ ಹೊಳೆಯಲು ಕವಿ ಎಷ್ಟು ಕಾದಿರುತ್ತಾನೋ. ಆ ಹೆಸರನ್ನು ಕೊನೆಯಲ್ಲಿ ಸೇರಿಸಲು ನಮಗೆ ಅರೆನಿಮಿಷ ಸಾಕು. ಜೊತೆಗೆ, ಒಬ್ಬರ ಜಾತಿ, ಬಣ್ಣ, ಊನವನ್ನು ಹಿಡಿದು ಮಾಡಿದ ಶ್ಲೇಷೆ ಎಷ್ಟೇ ಜಾಣವಾಗಿದ್ದರೂ ಅದನ್ನು ಮುಂದಕ್ಕೆ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲರೂ ಕೂಡಿ ನಗಲಾಗದ್ದು ಈ ಆಟಕ್ಕೆ ಸೇರಿದ್ದಲ್ಲ.

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಬಿನ್ನಹವಿದೆ. ಪ್ರತಿ ಉಪನ್ಯಾಸದ ಕೊನೆಗೆ ಕಾಲು ಗಂಟೆಯನ್ನು ಸಭಿಕರಿಗೆ ಬಿಟ್ಟುಕೊಡಿ. ಬಾಗಿಲ ಬಳಿ ಒಂದು ನೋಟ್‌ಬುಕ್ ಇಡಿ. ಮುಂದಿನ ಸಲ ಬರುವಾಗ ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ ಒಂದು ಒಡಪನ್ನೋ, ತಾವೇ ಕಟ್ಟಿದ ಒಂದು ಚುಟುಕವನ್ನೋ ತನ್ನಿ, ಇಲ್ಲಿ ನಿಂತು ಬಾಯಿಬಿಟ್ಟು ಹೇಳಿ. ಹೇಳಿದವರ ಹೆಸರು, ಊರು ಸಮೇತ ಅದನ್ನು ಆ ನೋಟ್‌ಬುಕ್ಕಿನಲ್ಲಿ ಬರೆದಿಡೋಣ.