ನನಗೊಂದು ಡೌಟು

ಐಟಿಯವಳು, ಕಂಪ್ಯೂಟರ್ ಬಗ್ಗೆ ಹೇಳುತ್ತಾಳೆ ಎಂದುಕೊಂಡು ಬಂದಿದ್ದರೆ ಕ್ಷಮಿಸಿ. ಇವತ್ತು ನಾನು ಮಾತಾಡುವುದು ಎರಡು ಇಂಗ್ಲಿಷ್ ಪದಗಳ ಬಗ್ಗೆ: ಡೌಟ್ ಮತ್ತು ಕ್ವೆಶ್ಚನ್.

ಎಂ.ಟೆಕ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಅಮೆರಿಕದ ಕ್ಲೈಂಟ್ ಕಡೆಯ ಹಿರಿಯ ಎಂಜಿನಿಯರೊಬ್ಬರು ಡಿಸೈನ್ ಕಳಿಸಿದ್ದರು. ಅದರಲ್ಲಿ ಒಂದು ಟೇಬಲ್ ನನಗೆ ಅರ್ಥವಾಗಲಿಲ್ಲ. ‘ಐ ಹ್ಯಾವ್ ಸಮ್ ಡೌಟ್ಸ್ ಅಬೌಟ್ ಯುವರ್ ಡಿಸೈನ್’ ಎಂದು ಮೇಲ್ ಹಾಕಿದೆ. ಮರುದಿನ ನೋಡಿದರೆ, ಅವರ ಮ್ಯಾನೇಜರನ್ನೂ ನನ್ನ ಮ್ಯಾನೇಜರನ್ನೂ ಸೇರಿಸಿ, ತಮ್ಮ ಡಿಸೈನ್ ಯಾಕೆ ಸರಿ ಎಂದು ಉದ್ದದ ಉತ್ತರ ಬರೆದಿದ್ದರು. ನನಗೆ ಬೇಕಿದ್ದ ಟೇಬಲ್ಲಿನ ವಿಷಯ ಅದರಲ್ಲಿ ಇರಲೇ ಇಲ್ಲ!

ಅವರ ತಪ್ಪಲ್ಲ. ಅವರ ಇಂಗ್ಲಿಷಿನಲ್ಲಿ ಡೌಟ್ ಎಂದರೆ ಇದು ಸರಿ ಇರಲಾರದು ಎಂಬ ಅಪನಂಬಿಕೆ. ತಿಳಿಯದ್ದನ್ನು ಕೇಳುವುದು ಕ್ವೆಶ್ಚನ್. ಡೌಟ್ ಪದ ಲ್ಯಾಟಿನ್ನಿನ ದುಬಿತಾರೆಯಿಂದ ಬಂದದ್ದು. ಅದರ ಬೇರಿನಲ್ಲಿ ‘ಎರಡು’ ಇದೆ, ಅಂದರೆ ಎರಡು ಮನಸ್ಸು. ಸ್ಪೆಲಿಂಗಿನಲ್ಲಿ ಸುಮ್ಮನೆ ಕೂತಿರುವ ‘ಬಿ’ ಆ ಲ್ಯಾಟಿನ್ನಿನ ಗುರುತು, ಮಕ್ಕಳ ಡಿಕ್ಟೇಶನ್ ಮಾರ್ಕ್ಸ್ ಕಳೆಯುವುದಕ್ಕೆಂದೇ ಇಟ್ಟದ್ದಲ್ಲ.

ನಾವು ‘ಸಂದೇಹ’ ಎಂಬ ಒಂದೇ ಪದದಲ್ಲಿ ಎರಡನ್ನೂ ನಡೆಸುತ್ತೇವೆ. ‘ಸಂದೇಹ ಇದ್ದರೆ ಕೇಳಿ’ ಎಂದು ಮೇಷ್ಟ್ರು ಹೇಳುತ್ತಿದ್ದದ್ದೇ ಇಂಗ್ಲಿಷಿಗೆ ಹೋಗಿ ಡೌಟ್ ಆಯಿತು. ಭಾರತದ ಇಂಗ್ಲಿಷಿನಲ್ಲಿ ಇದು ತಪ್ಪಲ್ಲ ಎಂದೇ ನನ್ನ ವಾದ. ಇಲ್ಲಿ ಪುಣೆಯ ಆಫೀಸಿನಲ್ಲಿ ಮರಾಠಿ, ತಮಿಳು ಗೆಳತಿಯರೂ ಹಾಗೇ ಕೇಳುತ್ತಾರೆ. ‘ಅವಳು ಬರೋದು ಡೌಟು’ ಎನ್ನುವಾಗ ಮಾತ್ರ ನಮ್ಮ ಅರ್ಥವೂ ಅಮೆರಿಕದವರ ಅರ್ಥವೂ ಒಂದೇ.

ಆ ಮೇಲ್ ಆದಮೇಲೆ ಹೆದರಿ, ಎಲ್ಲಕ್ಕೂ ಕ್ವೆಶ್ಚನ್ ಎನ್ನತೊಡಗಿದೆ. ನಿಜವಾದ ಪೆಟ್ಟು ಬಿದ್ದದ್ದು ಆಗ. ಒಂದು ರಿಲೀಸ್ ಹೇಳಿದ ದಿನಕ್ಕೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೀಟಿಂಗಿನಲ್ಲಿ ಹೆಂಗಸು ನಾನೊಬ್ಬಳೇ. ‘ಜಸ್ಟ್ ಎ ಸ್ಮಾಲ್ ಕ್ವೆಶ್ಚನ್’ ಎಂದು ಶುರುಮಾಡಿದೆ. ಉತ್ತರ ಕೊಟ್ಟು ಮುಂದೆ ಹೋದರು. ಪ್ರಶ್ನೆಗೆ ಉತ್ತರ ಕೊಟ್ಟರೆ ಮುಗಿಯಿತಲ್ಲ! ರಿಲೀಸ್ ಕೈಕೊಟ್ಟ ರಾತ್ರಿ ಬೆಳಗಿನ 4 ಗಂಟೆಯವರೆಗೆ ಕೂತು ಸರಿಪಡಿಸಿದವರಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಮಗಳಿಗೆ ಜ್ವರ. ಅಂದು ‘ಐ ಡೌಟ್ ವಿ ಕ್ಯಾನ್ ಮೀಟ್ ದಿಸ್ ಡೇಟ್’ ಎನ್ನಬೇಕಿತ್ತು. ಡೌಟ್ ಇದ್ದಾಗ ಡೌಟ್ ಎನ್ನಲು ನನಗೆ ಬಾಯಿ ಬರಲಿಲ್ಲ.

ಈಗ ನನ್ನ ಟೀಮಿಗೆ ಕಲಬುರಗಿಯ ಹುಡುಗಿಯೊಬ್ಬಳು ಸೇರಿದ್ದಾಳೆ. ‘ಅಕ್ಕಾ, ಒಂದ್ ಡೌಟ್ ಅದ್ರಿ’ ಎಂದೇ ಬರುತ್ತಾಳೆ. ನಾನು ತಿದ್ದುವುದಿಲ್ಲ. ಕ್ಲೈಂಟಿಗೆ ಮೇಲ್ ಹೋಗುವ ಮುಂಚೆ ಮಾತ್ರ, ‘ಇದು ಗೊತ್ತಿಲ್ಲದ್ದಾ, ನಂಬಿಕೆ ಇಲ್ಲದ್ದಾ?’ ಎಂದು ಕೇಳುತ್ತೇನೆ. ಹೋದ ವಾರ ‘ನಂಬಿಕಿ ಇಲ್ರಿ ಅಕ್ಕಾ’ ಅಂದಳು. ಅವಳ ಲೆಕ್ಕ ನೋಡಿದೆ, ಸರಿಯಾಗಿತ್ತು. ಡೌಟ್ ಎಂದೇ ಬರೆದು ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ನಿಮಗೇನಾದರೂ ಡೌಟುಗಳಿದ್ದರೆ ಕೇಳಿ. ನಮ್ಮ ಸಂಘದಲ್ಲಿ ಎರಡೂ ಅರ್ಥ ನಡೆಯುತ್ತದೆ.