ಒಂದು ಸುತ್ತಿಗೆ ಒಂದು ಕಿಡಿ

ಹಳೆಯ ಸ್ಕೂಟರು ಬಿಚ್ಚಿ ಮತ್ತೆ ಜೋಡಿಸುವ ಆಸೆ ಇದ್ದರೆ ಪುಣೆಗಿಂತ ಒಳ್ಳೆಯ ಊರು ಇಲ್ಲ. ಬಜಾಜ್ ಚೇತಕ್ ಹುಟ್ಟಿದ್ದೇ ಇಲ್ಲಿ, 1972ರಲ್ಲಿ, ಆಕುರ್ಡಿಯ ಕಾರ್ಖಾನೆಯಲ್ಲಿ. ಹೆಸರು ರಾಣಾ ಪ್ರತಾಪನ ಕುದುರೆಯದು. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ, ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದು ಸ್ಕೂಟರು ಮನೆಗೆ ತಂದ ಕಥೆ ಅವರ ಹತ್ತಿರ ಖಂಡಿತ ಇರುತ್ತದೆ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಇವತ್ತಿಗೂ ಅದರ ರಿಂಗು, ಗ್ಯಾಸ್ಕೆಟ್, ಕ್ಲಚ್ ವಾಯರು ಕೇಳಿದರೆ ತೆಗೆದು ಕೊಡುತ್ತಾರೆ. ಹಳೆಯ ಪಾನಾ ಬೇಕಿದ್ದರೆ ಜೂನಾ ಬಜಾರಿಗೆ ಹೋಗಬೇಕು.

ನಮ್ಮದು ಧಾರವಾಡದ ಅಜ್ಜನ ಸ್ಕೂಟರು. ಬಹಳ ವರ್ಷ ಅಂಗಳದಲ್ಲಿ ನಿಂತಿದ್ದನ್ನು ಪುಣೆಗೆ ತರಿಸಿಕೊಂಡು ನಾನು ಮತ್ತು ಆರನೆಯ ಇಯತ್ತೆಯ ನನ್ನ ಮಗಳು ರವಿವಾರಗಳಂದು ದುರಸ್ತಿ ಮಾಡುತ್ತಿದ್ದೇವೆ. ಬಣ್ಣ, ತುಕ್ಕು, ಸೀಟು ಇವೆಲ್ಲ ಬೇಸರದ ಕೆಲಸ, ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ನಿನ ಒಳಗೆ ಮಾತ್ರ ನೀವು ಒಮ್ಮೆ ನೋಡಲೇಬೇಕು.

ಸಿಲಿಂಡರಿನ ಮೇಲಿನ ಹೆಡ್ಡು ತೆಗೆದ ದಿನ ಮಗಳು ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ಅವಳ ಸೋದರಮಾವನ ಮೋಟರ್‌ಸೈಕಲ್ಲಿನ ಎಂಜಿನ್ನಿನಲ್ಲಿ ವಾಲ್ವುಗಳು, ಅವನ್ನು ಒತ್ತುವ ಕ್ಯಾಮು, ಅದನ್ನು ತಿರುಗಿಸುವ ಚೈನು, ಎಲ್ಲವನ್ನೂ ನೋಡಿದ್ದಳು.

“ಅಪ್ಪಾ, ಇದರಾಗ ವಾಲ್ವ್ ಎಲ್ಲಿ ಅದಾವು?”

“ಇಲ್ಲವಾ. ಗ್ವಾಡಿ ನೋಡು.”

ಸಿಲಿಂಡರಿನ ಗೋಡೆಯಲ್ಲಿ ತೂತುಗಳಿದ್ದವು. ಅಷ್ಟೇ. ಅವನ್ನು ಪೋರ್ಟ್ ಅನ್ನುತ್ತಾರೆ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಮೇಲೆ ಬಂದಾಗ ತೂತು ಮುಚ್ಚುತ್ತದೆ, ಕೆಳಗಿಳಿದಾಗ ತೆರೆಯುತ್ತದೆ. ಬೇರೆ ಎಂಜಿನ್ನಿನಲ್ಲಿ ಹತ್ತಾರು ಭಾಗಗಳು ಸೇರಿ ಮಾಡುವ ಕೆಲಸದ ಹೆಚ್ಚಿನ ಪಾಲನ್ನು ಇಲ್ಲಿ ಪಿಸ್ಟನ್ ಒಂದೇ, ತನ್ನ ಮಾಮೂಲಿ ಓಡಾಟದ ನಡುವೆಯೇ ಮಾಡಿ ಮುಗಿಸುತ್ತದೆ.

ಮೊದಲು ಅಳತೆ ಮಾಡಿದೆವು. ಸಿಲಿಂಡರಿನ ಅಗಲ 57 ಮಿಲಿಮೀಟರ್. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವ ದೂರವೂ 57 ಮಿಲಿಮೀಟರ್. ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ತ್ರಿಜ್ಯ 28.5. ಅದರ ವರ್ಗ 812.25. ಅದನ್ನು 3.1416ರಿಂದ ಗುಣಿಸಿ, ಬಂದದ್ದನ್ನು 57ರಿಂದ ಗುಣಿಸಿ. 1,45,450ರ ಆಸುಪಾಸಿನಲ್ಲಿ ಉತ್ತರ ಬರುತ್ತದೆ, ಅದು ಘನ ಮಿಲಿಮೀಟರಿನಲ್ಲಿ. ಸಾವಿರದಿಂದ ಭಾಗಿಸಿದರೆ 145.45 ಸಿ.ಸಿ. ಚೇತಕ್ಕಿನ ಕಾಗದಪತ್ರದಲ್ಲಿ ಬರೆದಿರುವುದೂ ಅದೇ ಸಂಖ್ಯೆ. ಗಣಿತದ ಪುಸ್ತಕದ ಸೂತ್ರ ಎಣ್ಣೆ ಮೆತ್ತಿದ ಕಬ್ಬಿಣದೊಳಗೆ ಹೀಗೆ ಸರಿಯಾಗಿ ಕೂತಿದ್ದು ನೋಡಿ ನನಗೆ ಮಗಳಿಗಿಂತ ಹೆಚ್ಚು ಸಂತೋಷವಾಯಿತು.

ಇನ್ನು ಎಂಜಿನ್ ಹೇಗೆ ಓಡುತ್ತದೆ ನೋಡೋಣ. ಪಿಸ್ಟನ್ ಒಮ್ಮೆ ಮೇಲೇರುವುದು ಒಂದು ಸ್ಟ್ರೋಕ್, ಒಮ್ಮೆ ಕೆಳಗಿಳಿಯುವುದು ಇನ್ನೊಂದು. ಈಗಿನ ಹೆಚ್ಚಿನ ಪೆಟ್ರೋಲು ಗಾಡಿಗಳು ನಾಲ್ಕು ಸ್ಟ್ರೋಕಿಗೆ ಒಮ್ಮೆ ಕಿಡಿ ಹಾರಿಸುತ್ತವೆ. ನಮ್ಮದು ಎರಡಕ್ಕೇ ಹಾರಿಸುತ್ತದೆ. ಅದು ಸಾಧ್ಯವಾಗುವುದು ಪಿಸ್ಟನ್ನಿನ ನೆತ್ತಿ ಮತ್ತು ಬುಡ ಎರಡೂ ಒಟ್ಟಿಗೆ ದುಡಿಯುವುದರಿಂದ.

ಪಿಸ್ಟನ್ ಮೇಲೇರುವಾಗ ನೆತ್ತಿಯ ಮೇಲಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಇಕ್ಕಟ್ಟಾಗುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಕೆ ಒತ್ತಿ ನೋಡಿ, ಗಾಳಿ ತಿರುಗಿ ಒತ್ತುತ್ತದೆ, ನಾಲ್ಕಾರು ಸಲ ಒತ್ತಿದರೆ ಪಂಪಿನ ತುದಿ ಬೆಚ್ಚಗಾಗುತ್ತದೆ. ಎಂಜಿನ್ನಿನ ಒಳಗೂ ಅದೇ ಆಗುವುದು. ಅದೇ ಹೊತ್ತಿಗೆ ಪಿಸ್ಟನ್ನಿನ ಬುಡದ ಕೆಳಗಿನ ಕೋಣೆಯಲ್ಲಿ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕ್ ತಿರುಗುವ ಜಾಗದಲ್ಲಿ, ಸ್ಥಳ ದೊಡ್ಡದಾಗಿ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿಯ ಒತ್ತಡ ಹೆಚ್ಚು, ಒಳಗಿನದು ಕಡಿಮೆ. ಹಾಗಾಗಿ ಕಾರ್ಬ್ಯುರೇಟರಿನ ಮೂಲಕ ಗಾಳಿ ನುಗ್ಗುತ್ತದೆ, ನುಗ್ಗುವಾಗ ಪೆಟ್ರೋಲಿನ ತುಂತುರನ್ನೂ ಎಳೆದು ತರುತ್ತದೆ.

ಪಿಸ್ಟನ್ ತುದಿ ಮುಟ್ಟುವ ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಮಿಶ್ರಣ ಉರಿಯುತ್ತದೆ, ಬಿಸಿ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಒಂದಷ್ಟು ಇಳಿದ ಮೇಲೆ ಹೊಗೆಯ ತೂತು ತೆರೆದುಕೊಂಡು ಸುಟ್ಟ ಅನಿಲ ಸೈಲೆನ್ಸರಿನ ಕಡೆ ಓಡುತ್ತದೆ. ಇನ್ನೂ ಸ್ವಲ್ಪ ಇಳಿದರೆ ಎರಡನೆಯ ತೂತು. ಅಷ್ಟರಲ್ಲಿ ಕೆಳಗಿನ ಕೋಣೆಯ ಹೊಸ ಮಿಶ್ರಣ ಪಿಸ್ಟನ್ನಿನ ಬುಡಕ್ಕೆ ಸಿಕ್ಕಿ ಒತ್ತಿಹೋಗಿರುತ್ತದೆಯಲ್ಲ, ಅದು ಪಕ್ಕದ ಓಣಿಯಿಂದ ಏರಿ ಈ ತೂತಿನಿಂದ ನೆತ್ತಿಯ ಮೇಲೆ ಬಂದು ತುಂಬುತ್ತದೆ, ಉಳಿದ ಹೊಗೆಯನ್ನು ಹೊರಗೆ ದಬ್ಬುತ್ತದೆ. ಮತ್ತೆ ಪಿಸ್ಟನ್ ಮೇಲೆ.

ಕ್ರ್ಯಾಂಕ್ ನಿಮಿಷಕ್ಕೆ 5000 ಸುತ್ತು ತಿರುಗುವ ವೇಗದಲ್ಲಿ ಇದು ಸೆಕೆಂಡಿಗೆ 83 ಸಲ ನಡೆಯುತ್ತದೆ. ಅಂದರೆ 83 ಕಿಡಿ, 83 ಸಲ ಉರಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಇದರ ಅರ್ಧ.

ಈ ಉಪಾಯ ಹೊಳೆದದ್ದು ಯಾರಿಗೆ? ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ ಎಂಬ ಎಂಜಿನಿಯರು ಎರಡು ಸ್ಟ್ರೋಕಿನ ಎಂಜಿನ್ನಿಗೆ 1881ರಲ್ಲಿ ಪೇಟೆಂಟ್ ಪಡೆದಿದ್ದರು, ಆದರೆ ಅದರಲ್ಲಿ ಮಿಶ್ರಣ ತುಂಬಲು ಬೇರೆಯೇ ಪಂಪು ಬೇಕಿತ್ತು. ಪಿಸ್ಟನ್ನಿನ ಬುಡವನ್ನೇ ಪಂಪು ಮಾಡಿದರೆ ಸಾಕಲ್ಲ ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ, 1891ರ ಸುಮಾರಿಗೆ. ಇಟಲಿಯಲ್ಲಿ ವಿಮಾನದ ಎಂಜಿನಿಯರಾಗಿದ್ದ ಕೊರಾಡಿನೊ ದಾಸ್ಕಾನಿಯೊ 1946ರಲ್ಲಿ ವೆಸ್ಪಾ ಸ್ಕೂಟರು ರೂಪಿಸಿದಾಗ ಇಂಥದೇ ಪುಟ್ಟ ಎಂಜಿನ್ನನ್ನು ಹಿಂದಿನ ಗಾಲಿಯ ಪಕ್ಕಕ್ಕೆ ಕೂರಿಸಿದರು. ವೆಸ್ಪಾದ ಕಂಪನಿಯಿಂದ ಪರವಾನಗಿ ಪಡೆದು ಬಜಾಜ್ ಸ್ಕೂಟರು ಮಾಡಿತು, ಆ ಒಪ್ಪಂದ ಮುಗಿದ ಮೇಲೆ ಬಂದದ್ದು ಚೇತಕ್. ನಮ್ಮ ಮೈಸೂರಿನಲ್ಲೂ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಎರಡು ಸ್ಟ್ರೋಕಿನ ಜಾವಾ, ಯೆಜ್ದಿ ಮೋಟರ್‌ಸೈಕಲ್ಲುಗಳನ್ನು ತಯಾರಿಸುತ್ತಿತ್ತು. ಅವುಗಳ ಸದ್ದು ದೂರದಿಂದಲೇ ಗುರುತು ಹಿಡಿಯುವ ಹಿರಿಯರು ಈಗಲೂ ಇದ್ದಾರೆ.

ಈಗ ಎಣ್ಣೆಯ ವಿಷಯ. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ-ಟಿ ಎಣ್ಣೆ ಬೆರೆಸುವ ಕೆಲಸ ನಮ್ಮಲ್ಲಿ ಮಗಳದು. ಔಷಧಿ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಇಟ್ಟುಕೊಂಡಿದ್ದಾಳೆ. ಪೆಟ್ರೋಲು ಸುರಿಯುವುದು ನಾನು, ಅದೂ ಬಯಲಿನಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮುಚ್ಚಿದ ಪಾರ್ಕಿಂಗಿನಲ್ಲಿ ನೆಲಮಟ್ಟದಲ್ಲೇ ಹರಡಿಕೊಂಡು ಕೂರುತ್ತದೆ, ದೂರದ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಈ ಕೆಲಸವನ್ನು ದೊಡ್ಡವರಿಲ್ಲದೆ ಮಾಡಲೇಬೇಡಿ.

ಎಣ್ಣೆಯನ್ನು ಪೆಟ್ರೋಲಿನಲ್ಲೇ ಏಕೆ ಬೆರೆಸಬೇಕು? ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಕೆಳಗಿನ ಕೋಣೆಯಲ್ಲಿ ಎಣ್ಣೆ ನಿಂತಿರುತ್ತದೆ. ನಮ್ಮ ಎಂಜಿನ್ನಿನಲ್ಲಿ ಆ ಕೋಣೆ ಪೆಟ್ರೋಲು, ಗಾಳಿ ಹಾಯುವ ದಾರಿ. ಅಲ್ಲಿ ಎಣ್ಣೆ ನಿಲ್ಲಿಸಲು ಆಗುವುದಿಲ್ಲ. ಆದ್ದರಿಂದ ಎಣ್ಣೆ ಪೆಟ್ರೋಲಿನ ಜೊತೆಗೇ ಬಂದು, ಬೇರಿಂಗಿಗೂ ಸಿಲಿಂಡರಿನ ಗೋಡೆಗೂ ತೆಳ್ಳಗೆ ಸವರಿ, ಕೊನೆಗೆ ತಾನೂ ಉರಿದುಹೋಗುತ್ತದೆ.

ಎಣ್ಣೆ ಹಾಕದೆ ಓಡಿಸಿದರೆ ಎಂಜಿನ್ ಜಾಮ್ ಆಗುತ್ತದೆ. ಅದರ ಹಿಂದೆ ಒಂದು ಸೊಗಸಾದ ವಿಜ್ಞಾನ ಇದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಬೀಡು ಕಬ್ಬಿಣದ್ದು. ಬಿಸಿಯಾದರೆ ಎರಡೂ ಹಿಗ್ಗುತ್ತವೆ, ಆದರೆ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 57 ಮಿಲಿಮೀಟರ್ ಅಗಲದ ಅಲ್ಯೂಮಿನಿಯಮ್ 150 ಡಿಗ್ರಿ ಬಿಸಿ ಏರಿದರೆ ಸುಮಾರು 0.2 ಮಿಲಿಮೀಟರ್ ಬೆಳೆಯುತ್ತದೆ, ಕಬ್ಬಿಣ ಸುಮಾರು 0.1. ಅದಕ್ಕೇ ತಣ್ಣಗಿದ್ದಾಗ ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾರೆ. ಎಣ್ಣೆ ಇಲ್ಲದಿದ್ದರೆ ತಿಕ್ಕಾಟ ಹೆಚ್ಚಿ, ಬಿಸಿ ಇನ್ನೂ ಏರಿ, ಪಿಸ್ಟನ್ ಆ ಜಾಗವನ್ನೂ ತಿಂದು ಗೋಡೆಗೆ ಕಚ್ಚಿಕೊಳ್ಳುತ್ತದೆ.

ಎಣ್ಣೆ ಹೆಚ್ಚಾದರೂ ತೊಂದರೆಯೇ. ಪೂರ್ತಿ ಉರಿಯದ ಎಣ್ಣೆ ಕಪ್ಪು ಇಂಗಾಲವಾಗಿ ಪಿಸ್ಟನ್ನಿನ ನೆತ್ತಿಗೂ ಹೊಗೆಯ ತೂತಿನ ಅಂಚಿಗೂ ಅಂಟುತ್ತದೆ. ನಮ್ಮ ಸ್ಕೂಟರಿನ ಹೊಗೆಯ ತೂತು ಎಷ್ಟು ಕಿರಿದಾಗಿತ್ತೆಂದರೆ ಎಂಜಿನ್ನಿಗೆ ಉಸಿರು ಬಿಡಲೂ ಆಗುತ್ತಿರಲಿಲ್ಲ. ಅದನ್ನೂ ಪಿಸ್ಟನ್ನಿನ ನೆತ್ತಿಯನ್ನೂ ಕೆರೆಯಲು ಮಗಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ನಮಗೆ ಕೆಲಸ ಹೇಳಿಕೊಡುವ ಮೆಕ್ಯಾನಿಕ್ ಕಾಕಾ ಅದನ್ನು ತೆಗೆದಿಟ್ಟು, ಬಿದಿರಿನ ಚಕ್ಕೆ ಕೊಟ್ಟರು. ಉಕ್ಕು ಪಿಸ್ಟನ್ನಿನ ಅಲ್ಯೂಮಿನಿಯಮ್ಮಿಗಿಂತ ಗಟ್ಟಿ, ಗೀರು ಬೀಳಿಸುತ್ತದೆ. ಬಿದಿರು ಅಲ್ಯೂಮಿನಿಯಮ್ಮಿಗಿಂತ ಮೆದು, ಇಂಗಾಲವನ್ನಷ್ಟೇ ಎಬ್ಬಿಸುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಕೆರೆದು, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಮತ್ತೆ ನೆನೆಸಿ, ಹೀಗೆ ಮಧ್ಯಾಹ್ನದವರೆಗೂ ಕೂತಿದ್ದಳು.

ಇನ್ನು ಕಿಡಿಯ ವಿಷಯ. ಈ ಸ್ಕೂಟರನ್ನು ಒದ್ದು ಚಾಲೂ ಮಾಡಲು ಬ್ಯಾಟರಿ ಬೇಕಿಲ್ಲ. ಕಿಕ್ ಹೊಡೆದಾಗ ಕ್ರ್ಯಾಂಕಿನ ತುದಿಯ ಗಾಲಿ ತಿರುಗುತ್ತದೆ, ಅದರೊಳಗೆ ಅಯಸ್ಕಾಂತಗಳಿವೆ. ಅವು ತಾಮ್ರದ ಸುರುಳಿಯ ಸುತ್ತ ಓಡಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದು ಇದನ್ನೇ. ಸರಿಯಾದ ಗಳಿಗೆಯಲ್ಲಿ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ತೆರೆದು ಆ ವಿದ್ಯುತ್ತನ್ನು ಕಡಿಯುತ್ತದೆ. ಹಾಗೆ ತಟ್ಟನೆ ಕಡಿದಾಗ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ, ಪ್ಲಗ್ಗಿನ ತುದಿಯ ಅರ್ಧ ಮಿಲಿಮೀಟರಿನಷ್ಟು ಸಂದನ್ನು ಹಾರುತ್ತದೆ. ಅಜ್ಜನ ಕಾಲು ಕೊಟ್ಟ ಒಂದು ಒದೆತ ಹೀಗೆ ಕಿಡಿಯಾಗುತ್ತಿತ್ತು.

ಅಜ್ಜ ಕಿಕ್ ಹೊಡೆಯುವ ಮೊದಲು ಸ್ಕೂಟರನ್ನು ಪಕ್ಕಕ್ಕೆ ವಾಲಿಸುತ್ತಿದ್ದರು. ಚೇತಕ್ ಇದ್ದ ಬಹಳ ಮನೆಗಳಲ್ಲಿ ಈ ಅಭ್ಯಾಸ ಇತ್ತು. ಅದು ನಂಬಿಕೆಯ ಮಾತಲ್ಲ. ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟ ಕಾಯಲು ತೇಲುವ ಬೆಂಡು ಒಂದಿದೆ. ವಾಲಿಸಿದಾಗ ಆ ಮಟ್ಟ ಏರುಪೇರಾಗಿ ಸ್ವಲ್ಪ ಹೆಚ್ಚು ಪೆಟ್ರೋಲು ಒಳಗೆ ಸೇರುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಚಾಲೂ ಆಗಲು ಅದಕ್ಕೆ ಹೆಚ್ಚಿನ ಪೆಟ್ರೋಲೇ ಬೇಕು.

ಸ್ಕೂಟರು ಕೊನೆಗೂ ಚಾಲೂ ಆದಾಗ ಅಂಗಳ ತುಂಬ ನೀಲಿ ಹೊಗೆ. ಮಗಳು ಮೂಗು ಮುಚ್ಚಿಕೊಂಡು ಕೇಳಿದಳು, “ಇಷ್ಟ ಸ್ವಚ್ಛ ಮಾಡೇವಿ, ಆದ್ರೂ ಯಾಕ ಹೊಗಿ ಬಿಡ್ತದ?”

ಉತ್ತರ ಆ ತೂತುಗಳಲ್ಲೇ ಇದೆ. ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆಯ ತೂತೂ ತೆರೆದೇ ಇರುತ್ತದೆ. ಬಂದ ಮಿಶ್ರಣದಲ್ಲಿ ಒಂದಷ್ಟು ಉರಿಯದೆ ನೇರ ಹೊರಗೆ ಹೋಗಿಬಿಡುತ್ತದೆ. ಇಂಥ ಹಳೆಯ ಎಂಜಿನ್ನುಗಳಲ್ಲಿ ಕುಡಿದ ಪೆಟ್ರೋಲಿನ ಕಾಲು ಭಾಗಕ್ಕೂ ಮೀರಿ ಹೀಗೆ ವ್ಯರ್ಥವಾಗುವುದುಂಟು. ನೀಲಿ ಬಣ್ಣ ಎಣ್ಣೆಯ ಅತಿ ಸಣ್ಣ ಹನಿಗಳದು. ಎಂಜಿನ್ನನ್ನು ಹಗುರ, ಅಗ್ಗ, ಸುಲಭ ಮಾಡಿದ ಉಪಾಯವೇ ಊರಿನ ಗಾಳಿಯನ್ನೂ ಕೆಡಿಸಿತು. ಒಂದು ಸ್ಕೂಟರಿನ ಹೊಗೆ ಸಣ್ಣದು, ಲಕ್ಷಾಂತರ ಸ್ಕೂಟರು, ರಿಕ್ಷಾಗಳದ್ದು ಹಾಗಲ್ಲ. ಮಕ್ಕಳ ಎದೆಗೆ ಹೋಗುವುದು ಅದೇ ಗಾಳಿ. ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ಇದೆ. ಗಾಡಿಗಳನ್ನು ಉರುಳೆಗಳ ಮೇಲೆ ಓಡಿಸಿ ಹೊಗೆಯಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಅಲ್ಲಿ ಅಳೆಯುತ್ತಾರೆ. 2000ದಿಂದ ಹೊಗೆಯ ನಿಯಮಗಳು ಬಿಗಿಯಾದಂತೆ ಎರಡು ಸ್ಟ್ರೋಕಿನ ಗಾಡಿಗಳು ಒಂದೊಂದಾಗಿ ನಿಂತುಹೋದವು. ಅದು ಆಗಲೇಬೇಕಿತ್ತು. 2020ರಲ್ಲಿ ಅದೇ ಚೇತಕ್ ಹೆಸರಿನಲ್ಲಿ ಬಂದ ವಿದ್ಯುತ್ ಸ್ಕೂಟರಿಗೆ ಪಿಸ್ಟನ್ನೂ ಇಲ್ಲ, ಸೈಲೆನ್ಸರೂ ಇಲ್ಲ.

“ಹಂಗಂದ್ರ ನಾವು ಇದನ್ನ ಯಾಕ ರಿಪೇರಿ ಮಾಡ್ಲಿಕತ್ತೇವಿ?” ಅಂತಲೂ ಕೇಳಿದಳು. ದಿನಾ ಓಡಿಸಲು ಅಲ್ಲ. ಹೊಗೆಯ ಪಿಯುಸಿ ತಪಾಸಣೆ ಮಾಡಿಸಿ, ಎಣ್ಣೆಯ ಅಳತೆ ತಪ್ಪದಂತೆ ನೋಡಿಕೊಂಡು, ಎಂದಾದರೊಂದು ಬೆಳಿಗ್ಗೆ ಸ್ವಲ್ಪ ದೂರ ಹೋಗಿ ಬರಲಿಕ್ಕೆ. ಅದಕ್ಕಿಂತ ಹೆಚ್ಚಾಗಿ, ಬಿಚ್ಚಿದರೆ ಕಾರಣವೂ ಪರಿಣಾಮವೂ ಬರಿಗಣ್ಣಿಗೆ ಕಾಣುವ ಯಂತ್ರ ಇದು. ಈಗ ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಅವಳೇ. ತಿಳಿ ಕಂದು ಇದ್ದರೆ ಉರಿ ಚೆನ್ನಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಜಿಡ್ಡುಜಿಡ್ಡಾದ ಕಪ್ಪಿದ್ದರೆ ಎಣ್ಣೆ ಹೆಚ್ಚು. ಬೆಳ್ಳಗಾಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ನೋಡಿದ ಬಣ್ಣವನ್ನು ತಾರೀಖು ಹಾಕಿ ವಹಿಯಲ್ಲಿ ಬರೆದಿಡುತ್ತಾಳೆ.

ಸದ್ಯ ಕ್ಲಚ್ ಬಿಚ್ಚಿದ್ದೇವೆ. ಅದರ ಪ್ಲೇಟುಗಳಿಗೆ ಕಾರ್ಕ್ ಅಂಟಿಸಿದೆ. ಬಾಟಲಿಯ ಬಿರಡೆಗೆ ಬಳಸುವ, ಓಕ್ ಜಾತಿಯ ಮರವೊಂದರ ತೊಗಟೆ ಅದು. ಉಕ್ಕಿನ ನಡುವೆ, ಗೇರ್ ಎಣ್ಣೆಯಲ್ಲಿ ಮುಳುಗಿಯೂ ಜಾರದೆ ಹಿಡಿಯುತ್ತದೆ. ಮರದ ತೊಗಟೆಗೆ ಈ ಗುಣ ಎಲ್ಲಿಂದ ಬಂತು ಎಂದು ನೋಡಲು ಮಗಳು ಸವೆದ ಪ್ಲೇಟಿನಿಂದ ಒಂದು ಚೂರು ಕಿತ್ತು ಶಾಲೆಯ ಸೂಕ್ಷ್ಮದರ್ಶಕಕ್ಕೆ ತೆಗೆದುಕೊಂಡು ಹೋಗಿದ್ದಾಳೆ.