ಎಂಜಿನ್ ಬದಲಿಸಿದರೆ ಪಂಪಿನ ಲೆಕ್ಕವನ್ನೂ ಹಾಕಿ



ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ‘ಪೆಟ್ರೋಲ್ ಪಂಪ್’ ಎಂದರೆ ಪೆಟ್ರೋಲ್ ಹಾಕಿಸುವ ಜಾಗ. ಊರಿನಲ್ಲಿ ಅದಕ್ಕೆ ಬಂಕ್ ಎನ್ನುತ್ತೇವೆ. ಮೂರು ವರ್ಷದ ಹಿಂದೆ ಒಂದು ರಾತ್ರಿ ನಮ್ಮ ಭಾವನ ಜಿಪ್ಸಿ ಶೀಳ್‌ಫಾಟಾ ದಾಟುವಾಗ ನಿಂತುಬಿಟ್ಟಿತು. ಧಾರವಾಡದಿಂದ ಅವ್ವ ಫೋನ್ ಮಾಡಿದಾಗ “ಪೆಟ್ರೋಲ್ ಪಂಪ್ ತೊಂದರೆ ಕೊಟ್ಟೈತಿ” ಅಂದೆ. “ಹಂಗಾದ್ರ ಮುಂದಿನ ಬಂಕಿಗೆ ಹೋಗ್ರಪಾ, ಅದಕ್ಕ ಯಾಕ ಇಷ್ಟು ಚಿಂತಿ?” ಎಂದಳು. ನಗು ಬಂತು. ಆದರೆ ಆ ರಾತ್ರಿ ನಡೆದದ್ದು ನಗುವ ವಿಷಯವಾಗಿರಲಿಲ್ಲ. ಇವತ್ತು ನಾನು ಮಾತನಾಡುವುದು ಆ ಇನ್ನೊಂದು ಪಂಪಿನ ಬಗ್ಗೆ, ಅಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಲುಪಿಸುವ ಫ್ಯೂಯಲ್ ಪಂಪಿನ ಬಗ್ಗೆ.

ಭಾವನದು 1998ರ ಜಿಪ್ಸಿ ಕಿಂಗ್. ಕಾರ್ಬ್ಯುರೇಟರ್ ಇರುವ 1298 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಅದು ಸವೆದಾಗ ಆರ್‌ಟಿಓ ಒಪ್ಪಿಗೆ ಪಡೆದು 2000ದ ನಂತರದ ಜಿಪ್ಸಿಯ ಎಂಪಿಎಫ್‌ಐ ಎಂಜಿನ್ ಕೂರಿಸಿದರು. ಅದೂ 1298 ಸಿಸಿಯೇ, ಆದರೆ ಹದಿನಾರು ವಾಲ್ವ್, 80 ಅಶ್ವಶಕ್ತಿ. ಒಂದೇ ಕಂಪನಿ, ಒಂದೇ ಅಳತೆ, ಇನ್ನೇನು ಕಷ್ಟ ಎಂದುಕೊಂಡರು. ಕಷ್ಟ ಇದ್ದದ್ದು ಪೆಟ್ರೋಲ್ ತಲುಪಿಸುವ ದಾರಿಯಲ್ಲಿ.

ನೀವು ಟೈರಿಗೆ ಗಾಳಿ ಹಾಕಿಸುತ್ತೀರಲ್ಲ, ಸುಮಾರು 30 ಪಿಎಸ್‌ಐ. ಕಾರ್ಬ್ಯುರೇಟರಿಗೆ ಬೇಕಾದ ಪೆಟ್ರೋಲಿನ ಒತ್ತಡ ಅದರ ಹತ್ತನೇ ಒಂದು ಭಾಗ, ಮೂರೋ ನಾಲ್ಕೋ ಪಿಎಸ್‌ಐ. ಎಂಜಿನ್ನಿನ ಪಕ್ಕದಲ್ಲೇ ಕೂತು ಕ್ಯಾಮ್‌ಶಾಫ್ಟಿನ ತಳ್ಳುವಿಕೆಯಿಂದ ಓಡುವ ಹಳೆಯ ಯಾಂತ್ರಿಕ ಪಂಪು ಅಷ್ಟನ್ನು ಸುಲಭವಾಗಿ ಕೊಡುತ್ತದೆ. ಪದ್ಮಿನಿ ಟ್ಯಾಕ್ಸಿಯ ಚಾಲಕರು ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇಂಥ ಪಂಪಿಗೇ. ಬಿಸಿಗೆ ಒಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಎಂಪಿಎಫ್‌ಐ ಎಂಜಿನ್ನಿಗೆ ಬೇಕಾದದ್ದು ಟೈರಿನ ಒಂದೂವರೆ ಪಟ್ಟು ಒತ್ತಡ, ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ. ಅದಕ್ಕೆ ವಿದ್ಯುತ್ ಪಂಪೇ ಬೇಕು. ಕಾರ್ಬ್ಯುರೇಟರ್ ಗಾಡಿಗೆಂದು ಮಾರುವ ಚಿಕ್ಕ ವಿದ್ಯುತ್ ಪಂಪು ಕೂಡ ಇಲ್ಲಿ ನಡೆಯದು.

ಹಾಗಾದರೆ ಯಾವ ಪಂಪು? ಕುರ್ಲಾದ ಅಂಗಡಿಗಳಲ್ಲಿ ಕೇಳಿದರೆ ದೊಡ್ಡದನ್ನೇ ಮುಂದಿಡುತ್ತಾರೆ, ಗಂಟೆಗೆ 255 ಲೀಟರ್ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನೀವು ಲೆಕ್ಕ ಹಾಕಿ. 80 ಅಶ್ವಶಕ್ತಿ ಎಂದರೆ ಸುಮಾರು 60 ಕಿಲೋವಾಟ್. ಪೂರ್ತಿ ಜೋರಿನಲ್ಲಿ ಒಂದು ಕಿಲೋವಾಟ್‌ಗೆ ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಎಂದು ಹಿಡಿದರೆ 18 ಕಿಲೋ, ಅಂದರೆ 24 ಲೀಟರ್. ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಇರುವುದರಿಂದ ಸ್ವಲ್ಪ ಹೆಚ್ಚು ಬೇಕು, ಅದರ ಮೇಲೆ ಕಾಲು ಭಾಗ ಮೀಸಲು. ಎಲ್ಲ ಸೇರಿ ಗಂಟೆಗೆ 32, 33 ಲೀಟರ್. 3 ಬಾರ್ ಒತ್ತಡದಲ್ಲಿ ಗಂಟೆಗೆ 80, 90 ಲೀಟರ್ ಕೊಡುವ ಸಾಧಾರಣ ಕಾರಿನ ಪಂಪು ಧಾರಾಳವಾಗಿ ಸಾಕು. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಯಾವ ಒತ್ತಡದಲ್ಲಿ ಅಳೆದದ್ದು ಎಂದು ಕೇಳಿ. ಒತ್ತಡವಿಲ್ಲದೆ ಅಳೆದ ಅಂಕಿ ದೊಡ್ಡದಾಗಿ ಕಾಣುತ್ತದೆ, ಉಪಯೋಗಕ್ಕೆ ಬಾರದು.

ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಎಂಜಿನ್ನಿಗೆ ಬೇಡವಾದ ಪೆಟ್ರೋಲನ್ನು ರೆಗ್ಯುಲೇಟರು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಕಾರ್ಬ್ಯುರೇಟರ್ ಕಾಲದ ರಿಟರ್ನ್ ಪೈಪು ಸಪೂರ. ಅತಿಯಾಗಿ ಬಂದದ್ದು ಅದರಲ್ಲಿ ಹಿಡಿಸದೆ ಒತ್ತಡ ಏರುತ್ತದೆ, ಎಂಜಿನ್ ಕಪ್ಪು ಹೊಗೆ ಬಿಡುತ್ತದೆ. ಐರೋಲಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತರೆ ಅದೇ ಪೆಟ್ರೋಲ್ ಸುತ್ತಿ ಸುತ್ತಿ ಟ್ಯಾಂಕೂ ಬಿಸಿಯಾಗುತ್ತದೆ.

ನನ್ನ ಸಲಹೆ ಕೇಳುವುದಾದರೆ, ಎಂಜಿನ್ ಯಾವ ಗಾಡಿಯಿಂದ ಬಂತೋ ಆ ಗಾಡಿಯ ಟ್ಯಾಂಕನ್ನೂ ಒಳಗಿನ ಪಂಪಿನ ಸಮೇತ ತನ್ನಿ. ಎಂಪಿಎಫ್‌ಐ ಜಿಪ್ಸಿಯ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಿರುತ್ತದೆ. ಅದು ಸಿಗದಿದ್ದರೆ ಮಾತ್ರ ಹೊರಗಿನ ಪಂಪು. ಈ ಪಂಪುಗಳಿಗೆ ತಳ್ಳುವ ಬಲ ಹೆಚ್ಚು, ಎಳೆಯುವ ಬಲ ಕಡಿಮೆ. ಆದ್ದರಿಂದ ಟ್ಯಾಂಕಿನ ಹತ್ತಿರ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ ಕೂರಿಸಬೇಕು. ಮುಂದೆ ಎಂಜಿನ್ ಪಕ್ಕದಲ್ಲಿ ಕೂರಿಸಿದರೆ ಕಸಾರಾ ಘಾಟ್ ಏರುವಾಗ, ಮಾಳ್ಶೇಜ್ ತಿರುವುಗಳಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದುಕೊಳ್ಳುತ್ತದೆ. ಪಂಪಿಗೆ ಮೊದಲು ದಪ್ಪ ಜಾಲರಿ, ಪಂಪಿನ ನಂತರ ಸಣ್ಣ ಫಿಲ್ಟರು. ಹಳೆಯ ಟ್ಯಾಂಕಿನ ತುಕ್ಕನ್ನು ಮೊದಲು ತೊಳೆಸಿ.

ಈಗ ಭಾವನ ರಾತ್ರಿಗೆ ಬರೋಣ. ಅವರ ಗ್ಯಾರೇಜಿನವ ಎರಡು ತಪ್ಪು ಮಾಡಿದ್ದ. ಮೊದಲನೆಯದು, ಹಳೆಯ ರಬ್ಬರ್ ಪೈಪನ್ನೇ ಉಳಿಸಿದ್ದ. ಕಾರ್ಬ್ಯುರೇಟರಿಗೆ ಸಾಕಾಗುತ್ತಿದ್ದ ಪೈಪು ಹತ್ತು ಪಟ್ಟು ಒತ್ತಡಕ್ಕೆ ಒಡೆಯುತ್ತದೆ. ಇಂಜೆಕ್ಷನ್ ಗಾಡಿಗೆ ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಬೇಕು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10. ಹಳೆಯ ರಬ್ಬರನ್ನು ಎಥೆನಾಲ್ ಬೇಗ ಗಟ್ಟಿಮಾಡಿ ಸೀಳಿಸುತ್ತದೆ, ಅದಕ್ಕೇ ಹೊಸ ಪೈಪೇ ಬೇಕು. ಕ್ಲಾಂಪು ಕೂಡ ಅಂಚು ದುಂಡಗಿರುವ ಇಂಜೆಕ್ಷನ್ ಕ್ಲಾಂಪೇ ಆಗಿರಲಿ. ಸೀಳುಗಳಿರುವ ಸಾಮಾನ್ಯ ಪಟ್ಟಿ ಪೈಪನ್ನು ಕೊರೆಯುತ್ತದೆ.

ಎರಡನೆಯದು ಇದಕ್ಕಿಂತ ಅಪಾಯದ್ದು. ಪಂಪಿನ ತಂತಿಯನ್ನು ನೇರವಾಗಿ ಚಾವಿಗೆ ಜೋಡಿಸಿದ್ದ. ಚಾವಿ ಆನ್ ಇರುವ ತನಕ ಪಂಪು ಓಡುತ್ತದೆ, ಎಂಜಿನ್ ನಿಂತರೂ ಓಡುತ್ತದೆ. ಆ ರಾತ್ರಿ ಪೈಪು ಬಿರಿಯಿತು, ಎಂಜಿನ್ ನಿಂತಿತು. ಭಾವ ಚಾವಿ ತಿರುಗಿಸಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡುತ್ತಿದ್ದರೆ, ಪಂಪು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿ ಅಕ್ಕ, ಆರು ವರ್ಷದ ಮಗಳು. “ಏನ್ರೀ, ಪೆಟ್ರೋಲ್ ವಾಸನಿ ಬರಾಕತ್ತೈತಿ” ಎಂದು ಅಕ್ಕ ಹೇಳಿದ್ದರಿಂದ ಭಾವ ಚಾವಿ ತೆಗೆದು ಎಲ್ಲರನ್ನೂ ಇಳಿಸಿದರು. ಒಂದು ಕಿಡಿ ಬಿದ್ದಿದ್ದರೆ ಈ ಮಾತನ್ನು ನಾನು ಇಷ್ಟು ನಿರಾಳವಾಗಿ ಹೇಳುತ್ತಿರಲಿಲ್ಲ.

ಸರಿಯಾದ ಕ್ರಮ ಹೀಗೆ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ 2.5 ಚದರ ಮಿಲಿಮೀಟರ್ ತಂತಿಯಲ್ಲಿ ಪಂಪಿಗೆ. ಅರ್ಥ್ ತಂತಿಯೂ ಅಷ್ಟೇ ದಪ್ಪ, ಬಣ್ಣ ಕೆರೆದ ಲೋಹದ ಮೇಲೆ. ರಿಲೇಗೆ ಅಪ್ಪಣೆ ಕೊಡಬೇಕಾದದ್ದು ಎಂಜಿನ್ನಿನ ಕಂಪ್ಯೂಟರ್. ಚಾವಿ ಹಾಕಿದಾಗ ಅದು ಪಂಪನ್ನು ಎರಡು ಮೂರು ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ, ಎಂಜಿನ್ ತಿರುಗಿದರೆ ಮಾತ್ರ ಮುಂದುವರಿಸುತ್ತದೆ. ಇದರ ಜೊತೆಗೆ ಡಿಕ್ಕಿಯಾದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಹಾಕಿಸಿ.

ಕೆಲಸ ಮುಗಿದ ಮೇಲೆ ಹಣ ಕೊಡುವ ಮುನ್ನ ಈ ನಾಲ್ಕು ಪರೀಕ್ಷೆ ಮಾಡಿಸಿ. ಗಾಳಿಯಾಡುವ ಜಾಗ, ತಣ್ಣಗಿನ ಎಂಜಿನ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಬೀಡಿ ಸಿಗರೇಟ್ ದೂರ.

ಒಂದು, ಪೈಪಿಗೆ ಗೇಜ್ ಹಾಕಿ ರೆಗ್ಯುಲೇಟರಿನ ವ್ಯಾಕ್ಯೂಮ್ ನಳಿಗೆ ಕಳಚಿದಾಗ ಸುಮಾರು 3 ಬಾರ್ ಇರಬೇಕು, ಜೋಡಿಸಿದಾಗ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ರೆಗ್ಯುಲೇಟರನ್ನೋ ರಿಟರ್ನ್ ಪೈಪನ್ನೋ ನೋಡಬೇಕು.

ಎರಡು, ಎಂಜಿನ್ ಆರಿಸಿದ ಮೇಲೆ ಒತ್ತಡ ತಕ್ಷಣ ಸೊನ್ನೆಗೆ ಬೀಳಬಾರದು.

ಮೂರು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ರಿಟರ್ನ್ ಪೈಪಿನಿಂದ ಡಬ್ಬಿಗೆ ಅರ್ಧ ನಿಮಿಷ ಹಿಡಿದರೆ ಅರ್ಧ ಲೀಟರಿಗಿಂತ ಹೆಚ್ಚು ಬರಬೇಕು.

ನಾಲ್ಕು, ಪಂಪಿನ ಬಳಿ ವೋಲ್ಟ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ತಂತಿಯಲ್ಲಿ ದೋಷ. ಪಂಪು ಕೆಟ್ಟಿದೆ ಎಂದು ಎಸೆಯುವ ಎಷ್ಟೋ ಪಂಪುಗಳು ಹೀಗೆ ಕರೆಂಟ್ ಸಾಲದೆ ಸೋತಂಥವು.

ಕಾಗದದ ಮಾತು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಠಾಣೆಯ ಎಂಎಚ್ 04 ಇರಲಿ, ಕಲ್ಯಾಣದ 05, ವಾಶಿಯ 43, ಪನ್ವೇಲಿನ 46 ಇರಲಿ, ಎಂಜಿನ್ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಓದಲ್ಲಿ ಬರಹದಲ್ಲಿ ಕೇಳಿ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರಲಿ, ವಿಮಾ ಕಂಪನಿಗೂ ತಿಳಿಸಿ. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಎಂಜಿನ್ ಬದಲಿಸುವವರು ನಿಮ್ಮಲ್ಲಿ ಕೆಲವರೇ ಇರಬಹುದು, ಆದರೆ ಸಿಎನ್‌ಜಿ ಕಿಟ್ ಹಾಕಿಸಿದವರು ಬಹಳ ಮಂದಿ. ಅವರಿಗೂ ಒಂದು ಮಾತು. ಎಷ್ಟೋ ಗಾಡಿಗಳಲ್ಲಿ ಗ್ಯಾಸಿನ ಮೇಲೆ ಓಡುವಾಗಲೂ ಪೆಟ್ರೋಲ್ ಪಂಪು ಸುತ್ತುತ್ತಲೇ ಇರುತ್ತದೆ. ಟ್ಯಾಂಕಿನ ಪೆಟ್ರೋಲೇ ಅದಕ್ಕೆ ತಂಪು, ಅದೇ ಎಣ್ಣೆ. ಗ್ಯಾಸ್ ಇದೆಯಲ್ಲ ಎಂದು ಟ್ಯಾಂಕ್ ಒಣಗಿಸಿದರೆ ಪಂಪು ಸುಟ್ಟುಹೋಗುತ್ತದೆ. ಕಾಲು ಟ್ಯಾಂಕ್ ಪೆಟ್ರೋಲ್ ಯಾವಾಗಲೂ ಇರಲಿ.

ಭಾವನ ಜಿಪ್ಸಿ ಈಗ ಚೆನ್ನಾಗಿದೆ. ಹೊಸ ಟ್ಯಾಂಕು, ಹೊಸ ಪೈಪು, ರಿಲೇ, ಎಲ್ಲ ಸೇರಿ ಖರ್ಚು ಎಂಜಿನ್ನಿನ ಬೆಲೆಯ ಮುಂದೆ ದೊಡ್ಡದೇನಲ್ಲ. ಮೊದಲೇ ಮಾಡಿಸಬಹುದಿತ್ತು ಎಂದು ಅವರೇ ಹೇಳುತ್ತಾರೆ. ಅಕ್ಕ ಮಾತ್ರ ಈಗಲೂ ಗಾಡಿ ಹತ್ತಿದೊಡನೆ ಒಮ್ಮೆ ವಾಸನೆ ನೋಡುತ್ತಾಳೆ. ನೀವೂ ನೋಡಿ. ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಎನ್ನಬೇಡಿ. ಚಾವಿ ತೆಗೆಯಿರಿ, ಮನೆಯವರನ್ನು ಇಳಿಸಿ, ಆಮೇಲೆ ಬಾನೆಟ್ ಎತ್ತಿ.